ಶಾಲೆ ಗೋಡೆ ಮ್ಯಾಲ ಚಿತ್ರ ಬರೆಸಬೇಕು, ಎಲ್ಲಿಂದ ಶುರು ಮಾಡೋದು? (ಕಲಬುರಗಿ)

ಬ್ರಹ್ಮಪುರದ ಟೀಚರ್:
ನಮ್ಮ ಓಣಿಯ ಸರ್ಕಾರಿ ಶಾಲೆಯ ಕಂಪೌಂಡ್ ಗೋಡೆ ಸುಮಾರು 60 ಫೂಟು ಉದ್ದ, 6 ಫೂಟು ಎತ್ತರ ಅದ. ಪಶ್ಚಿಮದ ಬಿಸಿಲು ನೇರ ಬೀಳ್ತದ. ಗೋಡೆ ತುಂಬ ಗುಟ್ಕಾ ಉಗುಳು, ಟ್ಯೂಷನ್ ಕ್ಲಾಸಿನ ಪೋಸ್ಟರ್. ಸಂಜೆಯಾದ್ರ ನಿಂತು ಮೂತ್ರ ಮಾಡೋರು ಬೇರೆ. ಮಕ್ಕಳು ಮೂಗು ಮುಚ್ಚಿಕೊಂಡು ಒಳಗ ಬರ್ತಾವ. ಚಿತ್ರ ಬರೆಸೋಣ ಅಂತ ಓಣಿಯವರು ಸ್ವಲ್ಪ ಹಣ ಕೂಡಿಸೀವಿ. ಕೆಲವರು ದೇವರ ಟೈಲ್ಸ್ ಹಚ್ಚಿಬಿಡೋಣ ಅಂತಾರ, ಕೆಲವರು ಬೆಂಗಳೂರಿನ ಕಲಾವಿದರನ್ನೇ ಕರೆಸಬೇಕು ಅಂತಾರ. ನನಗಂತೂ ಮಕ್ಕಳ ಕೈಯಾಗೂ ಕುಂಚ ಕೊಡಬೇಕು ಅನ್ನೋ ಆಸೆ. ಗೊತ್ತಿದ್ದವರು ಹೇಳ್ರಿ.

ದಿಲ್ಲಿವಾಸಿ:
ನಾನಿರೋದು ಲೋಧಿ ಕಾಲೊನಿ ಹತ್ತಿರ. ಸರ್ಕಾರಿ ನೌಕರರ ಹಳೇ ಕ್ವಾರ್ಟರ್ಸಿನ ಗೋಡೆಗಳ ಮೇಲೆ ದೇಶ ವಿದೇಶದ ಕಲಾವಿದರು ಬರೆದ ಚಿತ್ರಗಳಿವೆ, ನೋಡೋಕೆ ಜನ ಹುಡುಕಿಕೊಂಡು ಬರ್ತಾರೆ. ಆದರೆ ಅಲ್ಲಿನ ಗೋಡೆಗಳು ಎತ್ತರ, ಮುಂದೆ ಅಗಲವಾದ ಜಾಗ, ಹಿಂದೆ ದೊಡ್ಡ ಸಂಸ್ಥೆಯ ಬೆಂಬಲ. ಆ ಅಳತೆ ನಿಮ್ಮ ಗೋಡೆಗೆ ಇಟ್ಕೋಬೇಡಿ. ಅಮೆರಿಕದ ಫಿಲಡೆಲ್ಫಿಯಾದ ದಾರಿ ನಿಮಗೆ ಹೆಚ್ಚು ಹೊಂದುತ್ತೆ. 1984ರಲ್ಲಿ ಅಲ್ಲಿ ಗೋಡೆ ಗೀಚುತ್ತಿದ್ದ ಹುಡುಗರನ್ನೇ ಕರೆದು ಚಿತ್ರ ಬರೆಯೋ ಕೆಲಸಕ್ಕೆ ಹಚ್ಚಿದರು. ಈಗ ಆ ಊರಲ್ಲಿ ಸಾವಿರಾರು ಗೋಡೆ ಚಿತ್ರಗಳಿವೆ. ನಿಮ್ಮಲ್ಲಿ ಪೋಸ್ಟರ್ ಅಂಟಿಸೋ ಹುಡುಗರು ಯಾರು ಅಂತ ಓಣಿಗೆ ಗೊತ್ತೇ ಇರುತ್ತೆ. ಅವರನ್ನೂ ಕರೀರಿ.

ಹಳೇ ಬೋರ್ಡ್ ಪೇಂಟರ್:
ಟೀಚರ್‌ರ, ನಾ ಸೂಪರ್ ಮಾರ್ಕೆಟ್ ಕಡೆ ಅಂಗಡಿ ಬೋರ್ಡ್ ಬರಕೋತ ಬೆಳದಾಂವ. ಫ್ಲೆಕ್ಸ್ ಬಂದ ಮ್ಯಾಲ ಕೆಲಸ ಕಮ್ಮಿ ಆಗ್ಯದ, ಬರಿಯೋದು ಬಿಟ್ಟಿಲ್ಲ. ಚಿತ್ರದ ಮಾತು ಆಮ್ಯಾಲ. ಮೊದಲ ಗೋಡಿ ಮುಟ್ಟಿ ನೋಡ್ರಿ.

ನಮ್ಮದು ಎರಿ ಮಣ್ಣು. ಮಳಿಗಾಲದಾಗ ಉಬ್ಬತದ, ಬ್ಯಾಸಗ್ಯಾಗ ಬಿರೀತದ, ಅದರ ಕೂಡ ಗೋಡಿನೂ ಬಿರೀತದ. ಆ ಬಿರುಕು ಎಷ್ಟು ಮೆತ್ತಿದ್ರೂ ಮತ್ತ ಅಲ್ಲೇ ಬಾಯಿ ತೆರೀತದ. ಅದಕ್ಕ ಬಿರುಕಿದ್ದ ಕಡೆ ಮನಷ್ಯಾನ ಮಾರಿ ಬರೀಬಾರದು. ಗಿಡದ ಟೊಂಗಿ ಬರೀರಿ, ಬಳ್ಳಿ ಬರೀರಿ. ನಾಳೆ ಬಿರುಕು ಬಂದ್ರೂ ಅದರಾಗ ಕೂಡಿಕೊಂಡು ಹೋಗತದ.

ಗೋಡಿ ಬುಡಕ್ಕ ಬೆಳ್ಳಗ ಉಪ್ಪು ಬಿಟ್ಟಿರತದ. ಅದರ ಮ್ಯಾಲ ಎಂಥಾ ತುಟ್ಟಿ ಬಣ್ಣ ಹಚ್ಚಿದ್ರೂ ಪದರು ಏಳತದ. ಒಣ ಬ್ರಶ್‌ಲೆ ತಿಕ್ಕಿ ತಗೀರಿ, ನೀರು ಹೊಡದ್ರ ಉಪ್ಪು ಕರಗಿ ಮತ್ತ ಒಳಗ ಇಳೀತದ. ಬುಡದ ಒಂದು ಫೂಟು ಚಿತ್ರಕ್ಕ ತಗೋಬ್ಯಾಡ್ರಿ, ಕಾವಿ ಪಟ್ಟಿ ಹೊಡೀರಿ. ಕೆಸರು ಸಿಡಿದ್ರೂ ಕಾಣಂಗಿಲ್ಲ, ಪ್ರತಿ ವರ್ಷ ಓಣಿಯವರೇ ಹಚ್ಚಬಹುದು. ಹಳೇ ಸುಣ್ಣ ಕೈಗೆ ಹತ್ತಿದ್ರ ಪೂರಾ ಕೆರೆದ ಮ್ಯಾಲೇ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರು). ಹೊಸ ಗಿಲಾವ್ (ಪ್ಲಾಸ್ಟರ್) ಮಾಡಸಿದ್ರ 28 ದಿನ ತಡೀರಿ. ಗೋಡ್ಯಾಗ ಎಲ್ಲೆರ ಶಹಾಬಾದ್ ಕಲ್ಲು ಕಾಣತಿದ್ರ ಅದನ್ನ ಹಂಗೇ ಬಿಡ್ರಿ, ಅದಕ್ಕ ಬಣ್ಣ ಬ್ಯಾಡ, ಆ ಕಲ್ಲೇ ಚಂದ. ನಿಮ್ಮ ಅಳತೀಗೆ ಪ್ರೈಮರ್ ಸುಮಾರು 4 ಲೀಟರ್, ಹೊರಗಿನ ಎಮಲ್ಷನ್ ಎಲ್ಲಾ ಬಣ್ಣ ಕೂಡಿ 7–8 ಲೀಟರ್ ಹಿಡೀತದ.

ಪಶ್ಚಿಮದ ಬಿಸಲಿಗೆ ಹೊಳೆಯೋ ಕೆಂಪು, ಗುಲಾಬಿ, ನೇರಳೆ ಮೊದಲ ಮಾಸತಾವ. ಕಾವಿ, ಮಣ್ಣಿನ ಹಳದಿ, ಕಪ್ಪು ತಡೀತಾವ. ಬೀದರ್ ಹತ್ತಿರ ಅಷ್ಟೂರಾಗ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ಗುಮ್ಮಟದ ಒಳಗ ಹೋಗಿ ಮ್ಯಾಲ ನೋಡ್ರಿ. ಸುಲ್ತಾನ ತೀರಿಹೋಗಿದ್ದು 1436ರಾಗ, ಕೆಂಪು ಮತ್ತ ಬಂಗಾರದ ಬಣ್ಣ ಇನ್ನೂ ಅದಾವ, ಯಾಕಂದ್ರ ಮಳಿ ಬಿಸಲು ಅಲ್ಲಿ ಮುಟ್ಟಿಲ್ಲ. ನಮ್ಮ ಗೋಡಿಗೆ ಆ ಭಾಗ್ಯ ಇಲ್ಲ. ಹೊರಗಿನ ಚಿತ್ರ ಅಂದ್ರ ನಾಕೈದು ವರ್ಷಕ್ಕ ಮತ್ತ ಬರಿಯೋದೇ ಅಂತ ಮೊದಲೇ ಲೆಕ್ಕ ಹಾಕ್ರಿ, ಕೂಡಿಸಿದ ರೊಕ್ಕದಾಗ ಅದಕ್ಕೂ ಒಂದಿಷ್ಟು ತೆಗೆದಿಡ್ರಿ.

ಬೆಂಗಳೂರಿನವರು ಬಂದ್ರ ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲೇ 2009ರ ಸುಮಾರಿಗೆ ಪಾಲಿಕೆ ರಸ್ತೆ ಗೋಡಿ ಬರಸಿದಾಗ ಸಿನಿಮಾ ಬ್ಯಾನರ್, ಬೋರ್ಡ್ ಬರಿಯೋ ಪೇಂಟರ್‌ಗಳನ್ನೇ ಕರದಿತ್ತು. ನಮ್ಮ ಊರಾಗೂ ಅಂಥ ಕೈ ಅದಾವ, ಕನ್ನಡನೂ ಉರ್ದುನೂ ಅಷ್ಟೇ ಚಂದ ಬರಿಯೋ ಕೈ. ಎಸ್.ಎಂ. ಪಂಡಿತರು 1916ರಾಗ ಹುಟ್ಟಿದ್ದು ಇದೇ ಊರಾಗ. ಮುಂಬೈದಾಗ ಸಿನಿಮಾ ಪೋಸ್ಟರ್ ಬರದಾರ, ಅವರ ಪುರಾಣದ ಚಿತ್ರ ಕ್ಯಾಲೆಂಡರ್ ಆಗಿ ಮನಿಮನಿ ಗೋಡಿಗೆ ಬಂದ್ವು. ಅಂಥವರು ಹುಟ್ಟಿದ ಊರಿನ ಮಕ್ಕಳು ಪೇಂಟರ್ ಅಂದ್ರ ಯಾರಂತ ಕೇಳಬಾರದು. ನಮ್ಮವರಿಗೆ ಕೂಲಿ ಕೊಟ್ಟು ಕರೀರಿ. ಸೇವಾ ಅಂತ ಪುಕ್ಕಟೆ ಕೇಳಬ್ಯಾಡ್ರಿ.

ದೇವರ ಟೈಲ್ಸ್ ನನಗ ಒಪ್ಪಿಗಿಲ್ಲ. ಉಗುಳೋರು ಹತ್ತು ಹೆಜ್ಜಿ ಆಚೆ ಹೋಗಿ ಉಗುಳತಾರ, ಓಣ್ಯಾಗ ಯಾರ ದೇವರು ಅಂತ ಜಗಳ ಏಳತದ. ಮೂತ್ರಕ್ಕ ಶೌಚಾಲಯ ಬೇಕು, ಅಲ್ಲೊಂದು ಲೈಟ್ ಬೇಕು. ಅದನ್ನ ಚಿತ್ರದ ಮ್ಯಾಲ ಹೊರಸಬ್ಯಾಡ್ರಿ.

ವಾರ್ಡ್ ಓಡಾಟದವ:
ಮುಖ್ಯ ಗುರುಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಇಬ್ಬರದೂ ಒಪ್ಪಿಗೆ ಪತ್ರ ತಗೊಂಡು ಮಹಾನಗರ ಪಾಲಿಕೆಗೆ ಅರ್ಜಿ ಕೊಡ್ರಿ. ಸಾರ್ವಜನಿಕ ಜಾಗ ವಿರೂಪ ಮಾಡಬಾರದು ಅಂತ 1981ರ ರಾಜ್ಯ ಕಾಯ್ದೆ ಅದ. ಬಾಯಿಮಾತಿನ ಅನುಮತಿ ಮೇಲೆ ಕೆಲಸ ಹಿಡಿಬ್ಯಾಡ್ರಿ. ಅದೇ ಅರ್ಜಿಯಾಗ ಬೀದಿದೀಪನೂ ಕೇಳ್ರಿ.

ಬ್ರಹ್ಮಪುರದ ಟೀಚರ್:
ಎಲ್ಲರಿಗೂ ಧನ್ಯವಾದ. ಪೇಂಟರ್ ಕಾಕಾ, ಏನು ಬರೆಸಬೇಕು? ಕೋಟೆ, ಶರಣಬಸವೇಶ್ವರ ತೇರು ಅಂತ ಮಾತು ನಡದದ. ಮಕ್ಕಳಿಗೆ ಎಷ್ಟು ಕೆಲಸ ಕೊಡಬಹುದು?

ಹಳೇ ಬೋರ್ಡ್ ಪೇಂಟರ್:
ಕೋಟಿ, ತೇರು ಎಲ್ಲಾರೂ ಬರೀತಾರ. ನಿಮ್ಮ ಓಣ್ಯಾಗ ರೊಟ್ಟಿ ಬಡಿದು ಮಾರೋ ಅಕ್ಕಾರಿದ್ರ, ಟೇಲರ್ ಇದ್ರ, ಗಂಜ್ ಮಾರ್ಕೆಟ್‌ನಾಗ ತೊಗರಿ ಚೀಲ ಹೊರೋ ಅಣ್ಣ ಇದ್ರ, ಅವರನ್ನ ಕೇಳಿ ಅವರನ್ನೇ ಬರೀರಿ. ತನ್ನ ಅವ್ವ ಇದ್ದ ಗೋಡಿಗೆ ಪೋಸ್ಟರ್ ಹಚ್ಚಲಿಕ್ಕೆ ಯಾವ ಹುಡುಗನೂ ಬಿಡಂಗಿಲ್ಲ.

ಚಿತ್ರ ಮೊದಲ ಹಾಳಿ ಮ್ಯಾಲ ಬಿಡಸ್ರಿ, ಒಂದು ಇಂಚಿಗೆ ಒಂದು ಫೂಟು. ಸುತಳಿ ದಾರಕ್ಕ ಕಾವಿ ಪುಡಿ ಹಚ್ಚಿ ಗೋಡಿ ಮ್ಯಾಲ ಚೌಕ ಹೊಡೀರಿ. ಹೊರಗೆರಿ ಪೇಂಟರ್ ಎಳೀಲಿ, ಒಳಗ ಬಣ್ಣ ತುಂಬೋದು ಮಕ್ಕಳು. ಕಡೀಗೆ ಕಣ್ಣು, ಮಾರಿ, ಅಕ್ಷರ ಮತ್ತ ಪೇಂಟರ್ ತಿದ್ದಬೇಕು. ಮಳಿ ಪೂರಾ ನಿಂತು ಗೋಡಿ ಒಣಗಿದ ಮ್ಯಾಲ, ದೀಪಾವಳಿ ಆದ ಕೂಡ್ಲೇ ಹಿಡೀರಿ. ಪಶ್ಚಿಮದ ಗೋಡಿಗೆ ಮಧ್ಯಾಹ್ನದ ತನಕ ನೆರಳಿರತದ, ಮಕ್ಕಳನ್ನ ಮುಂಜಾನಿ ಕರೀರಿ. ಉಳದ ಬಣ್ಣದ ಡಬ್ಬಿ ಗಟ್ಟಿ ಮುಚ್ಚಿ, ಮ್ಯಾಲ ಶೇಡ್ ನಂಬರ್ ಬರದು ಶಾಲಿ ಕಪಾಟಿನಾಗ ಇಡ್ರಿ. ಯಾರರ ಉಗುಳಿದ್ರ ಅದೇ ದಿನ ಒರಸಿ, ಅದೇ ಬಣ್ಣ ಹಚ್ಚಬೇಕು.