ಹೀಟ್ ಪಂಪ್ ಹಾಕಿಸಿದ ಮೇಲೆ ಮನೆ ಬೆಚ್ಚಗಿಲ್ಲ, ಬಿಲ್ ಮಾತ್ರ ಏರಿದೆ: ಕಂಟ್ರೋಲರ್ ಸೆಟ್ಟಿಂಗ್ ಹೇಗಿರಬೇಕು?

ಪ್ರಶ್ನೆ (ಲೀಡ್ಸ್‌ನಿಂದ)

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ, 1930ರ ದಶಕದಲ್ಲಿ ಕಟ್ಟಿದ ಮೂರು ಮಲಗುವ ಕೋಣೆಗಳ ಮನೆಯಲ್ಲಿ ನಮ್ಮ ವಾಸ. ಕಳೆದ ಸೆಪ್ಟೆಂಬರಿನಲ್ಲಿ ಹಳೆಯ ಗ್ಯಾಸ್ ಬಾಯ್ಲರ್ ತೆಗೆಸಿ, ಸರಕಾರದ 7,500 ಪೌಂಡ್ ಸಹಾಯಧನ ಪಡೆದು, ಹೊರಗಿನ ಗಾಳಿಯಿಂದ ಶಾಖ ಸೆಳೆದು ರೇಡಿಯೇಟರುಗಳ (ಕೋಣೆ ಬೆಚ್ಚಗಿಡಲು ಗೋಡೆಗೆ ಕೂರಿಸುವ ಬಿಸಿನೀರಿನ ಲೋಹದ ಫಲಕಗಳ) ನೀರನ್ನು ಕಾಯಿಸುವ 8 ಕಿಲೋವಾಟ್ ಹೀಟ್ ಪಂಪ್ ಹಾಕಿಸಿದೆವು. ಕೆಳಗಿನ ಅಂತಸ್ತಿನ ರೇಡಿಯೇಟರುಗಳನ್ನೂ ಬದಲಿಸಿ ದೊಡ್ಡವನ್ನು ಕೂರಿಸಿದ್ದಾರೆ.

ಅಕ್ಟೋಬರ್ ಮುಗಿಯುವವರೆಗೆ ಏನೂ ತೊಂದರೆ ಕಾಣಲಿಲ್ಲ. ಚಳಿ ಬಿದ್ದ ಮೇಲೆ ದಿನಕ್ಕೆ ಸರಾಸರಿ 40 ಯೂನಿಟ್ ವಿದ್ಯುತ್ತು ಈ ಯಂತ್ರವೊಂದಕ್ಕೇ ಹೋಗುತ್ತಿದೆ. ಅಷ್ಟಾದರೂ ಬೆಳಿಗ್ಗೆ ಏಳುವ ಹೊತ್ತಿಗೆ ಹಜಾರ 16 ಡಿಗ್ರಿಗೆ ಇಳಿದಿರುತ್ತದೆ. ಮೈಸೂರಿನಿಂದ ಬಂದಿರುವ ನಮ್ಮ ತಾಯಿಯವರು ಶಾಲು ಹೊದ್ದು ರೇಡಿಯೇಟರಿನ ಪಕ್ಕದಲ್ಲೇ ಕೂತು, ಅದರ ಮೇಲೆ ಕೈಯಿಟ್ಟು, "ಇದು ಸರಿಯಾಗಿ ಕಾಯುವುದೇ ಇಲ್ಲವಲ್ಲ" ಎಂದು ದಿನವೂ ಕೇಳುತ್ತಾರೆ. ಅವರಿಗೆ ಏನು ಉತ್ತರ ಕೊಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಈಗ ನಾನು ನಡೆಸುತ್ತಿರುವ ಕ್ರಮ ಹೀಗಿದೆ. ಬೆಳಿಗ್ಗೆ 6ರಿಂದ 9ರವರೆಗೆ ಮತ್ತು ಸಂಜೆ 4ರಿಂದ ರಾತ್ರಿ 10ರವರೆಗೆ ಕೋಣೆಯ ತಾಪ ನೋಡಿ ಯಂತ್ರವನ್ನು ನಡೆಸಿ ನಿಲ್ಲಿಸುವ ಥರ್ಮೋಸ್ಟಾಟ್ 21 ಡಿಗ್ರಿಗೆ ಇರುತ್ತದೆ, ಉಳಿದ ಹೊತ್ತು ಬಂದ್. ರೇಡಿಯೇಟರಿಗೆ ಹೋಗುವ ನೀರಿನ ತಾಪವನ್ನು ಯಂತ್ರ ಕೂರಿಸಿದವರು 50 ಡಿಗ್ರಿಗೆ ಸ್ಥಿರವಾಗಿ ಇಟ್ಟು ಹೋದರು; ಕಂಟ್ರೋಲರಿನ ಪರಿಚಯ ಮಾಡಿಕೊಟ್ಟದ್ದು ಇಪ್ಪತ್ತು ನಿಮಿಷ ಮಾತ್ರ. ಬಳಸದ ಎರಡು ಮಲಗುವ ಕೋಣೆಗಳ ರೇಡಿಯೇಟರ್ ವಾಲ್ವುಗಳನ್ನು ಉಳಿತಾಯಕ್ಕೆಂದು ನಾನೇ ಪೂರ್ತಿ ತಿರುಗಿಸಿ ಮುಚ್ಚಿದ್ದೇನೆ. ಇದಲ್ಲದೆ ಕೆಲವು ಬೆಳಗಿನ ಹೊತ್ತು ಹೊರಗಿನ ಯಂತ್ರದ ಫ್ಯಾನ್ ಇದ್ದಕ್ಕಿದ್ದಂತೆ ನಿಂತು, ಬಚ್ಚಲ ಹಂಡೆಯಿಂದ ಏಳುವಂತೆ ದಟ್ಟವಾದ ಹಬೆ ಏಳುತ್ತದೆ. ಪಕ್ಕದ ಮನೆಯವರು ಹೊಗೆಯೆಂದು ಭಾವಿಸಿ ಬಾಗಿಲು ತಟ್ಟಿದರು.

ಇದನ್ನು ಇಡೀ ದಿನ ನಡೆಸುವುದೇ ಸರಿಯೇ, ಹಾಗೆ ನಡೆಸಿದರೆ ಬಿಲ್ ಇನ್ನೂ ಏರುವುದಿಲ್ಲವೇ, ನೀರಿನ ತಾಪವನ್ನು 55ಕ್ಕೆ ಏರಿಸಿದರೆ ಮನೆ ಬೇಗ ಬೆಚ್ಚಗಾದೀತೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಬರ್ಮಿಂಗ್‌ಹ್ಯಾಮ್, ಹೀಟಿಂಗ್ ಎಂಜಿನಿಯರ್)

ನಮಸ್ಕಾರ ಸರ್. ನೀವು ಬರೆದಿರುವುದನ್ನು ನೋಡಿದರೆ ಯಂತ್ರದಲ್ಲಿ ದೋಷವಿರುವಂತೆ ಕಾಣುವುದಿಲ್ಲ. ಗ್ಯಾಸ್ ಬಾಯ್ಲರನ್ನು ನಡೆಸುವ ಕ್ರಮದಲ್ಲೇ ಹೀಟ್ ಪಂಪನ್ನೂ ನಡೆಸುತ್ತಿರುವುದು ತೊಂದರೆಯ ಮೂಲ, ಮತ್ತು ಅದಕ್ಕೆ ನಿಮಗಿಂತ ಹೆಚ್ಚು ಹೊಣೆ 50 ಡಿಗ್ರಿಗೆ ಇಟ್ಟು ಹೋದವರದು. 55ಕ್ಕೆ ಮಾತ್ರ ದಯವಿಟ್ಟು ಏರಿಸಬೇಡಿ.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ. ಹೊರಗಿನ ತಣ್ಣನೆಯ ಗಾಳಿಯಲ್ಲಿರುವ ಶಾಖವನ್ನೇ ಮೇಲೆತ್ತಿ ಒಳಗೆ ತರುತ್ತದೆ. ಬಾವಿಯಿಂದ ನೀರು ಸೇದಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಕೊಡ ಅದೇ ಆದರೂ ನೀರು ಹತ್ತು ಅಡಿಯಲ್ಲಿದ್ದಾಗಿನ ಶ್ರಮ ಬೇರೆ, ನಲವತ್ತು ಅಡಿಯಲ್ಲಿದ್ದಾಗಿನ ಶ್ರಮ ಬೇರೆ. ಹೊರಗೆ 4 ಡಿಗ್ರಿ ಇರುವಾಗ ನೀವು 50 ಡಿಗ್ರಿಯ ನೀರು ಕೇಳಿದರೆ ಯಂತ್ರ ಶಾಖವನ್ನು 46 ಡಿಗ್ರಿಯಷ್ಟು ಮೇಲೆತ್ತಬೇಕು. 37 ಡಿಗ್ರಿಯ ನೀರು ಸಾಕೆಂದರೆ 33 ಡಿಗ್ರಿ ಎತ್ತಿದರಾಯಿತು. ನೀರಿನ ತಾಪವನ್ನು ಒಂದೊಂದು ಡಿಗ್ರಿ ಇಳಿಸಿದಾಗಲೂ ದಕ್ಷತೆ ಸುಮಾರು ಶೇಕಡಾ 2ರಿಂದ 3ರಷ್ಟು ಹೆಚ್ಚುತ್ತದೆ. ಈ ದೇಶದಲ್ಲಿ ವಿದ್ಯುತ್ತಿನ ಒಂದು ಯೂನಿಟ್ಟಿಗೆ ಗ್ಯಾಸಿನ ಯೂನಿಟ್ಟಿನ ಸುಮಾರು ನಾಲ್ಕು ಪಟ್ಟು ಬೆಲೆ ಇದೆ. ಆದ್ದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ ಯೂನಿಟ್ ಶಾಖ ಬರುವಲ್ಲಿ ಬಿಲ್ ಗ್ಯಾಸಿಗಿಂತ ಹೆಚ್ಚಾಗುತ್ತದೆ. ಗ್ಯಾಸ್ ಬಾಯ್ಲರೂ ಸ್ವಲ್ಪ ಶಾಖವನ್ನು ಪೋಲು ಮಾಡುತ್ತಿದ್ದುದರಿಂದ, ಪೂರ್ತಿ ನಾಲ್ಕಲ್ಲದಿದ್ದರೂ ಮೂರೂವರೆಯನ್ನು ದಾಟಿದ ಮೇಲಷ್ಟೇ ನಿಮ್ಮ ಹಳೆಯ ಬಿಲ್ಲಿಗೆ ಸಮನಾಗಿ ಇಳಿಯುತ್ತದೆ. ನೀರಿನ ತಾಪದ ಬಗ್ಗೆ ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ನಿಮ್ಮ ತಾಯಿಯವರಿಗೆ ಕೈ ತಾಗಿಸಿದಾಗ ರೇಡಿಯೇಟರ್ ಬಿಸಿಯೆನಿಸದಿರುವುದು ಸಹಜ. ಗ್ಯಾಸ್ ಬಾಯ್ಲರಿನ ನೀರು 65ರಿಂದ 70 ಡಿಗ್ರಿ ಇರುತ್ತಿತ್ತು, ಮುಟ್ಟಿದರೆ ಚುರುಕ್ಕೆನ್ನುತ್ತಿತ್ತು. ನಮ್ಮ ಮೈಯ ತಾಪವೇ 37 ಡಿಗ್ರಿ ಇರುವಾಗ 37 ಡಿಗ್ರಿಯ ರೇಡಿಯೇಟರ್ ಉಗುರುಬೆಚ್ಚಗೆ ಮಾತ್ರ ಅನಿಸುತ್ತದೆ. ಆದರೆ ಅದು ದಿನದ 24 ಗಂಟೆಯೂ ಉಗುರುಬೆಚ್ಚಗಿದ್ದರೆ ಗೋಡೆ, ನೆಲ, ಸೋಫಾ ಎಲ್ಲವೂ ಶಾಖ ಹೀರಿಕೊಂಡು ಕೋಣೆ ಒಂದೇ ಸಮನೆ ಬೆಚ್ಚಗಿರುತ್ತದೆ. ಈಗ ನೀವು ರಾತ್ರಿಯಿಡೀ ಬಂದ್ ಮಾಡಿ ಗೋಡೆಗಳನ್ನು ತಣಿಯಲು ಬಿಟ್ಟು, ಹೊರಗೆ ಅತಿ ಹೆಚ್ಚು ಚಳಿಯಿರುವ ಬೆಳಗಿನ 6 ಗಂಟೆಗೆ, ಎಲ್ಲವನ್ನೂ ಮತ್ತೆ ಮೊದಲಿನಿಂದ ಕಾಯಿಸು ಎಂದು ಯಂತ್ರಕ್ಕೆ ಹೇಳುತ್ತಿದ್ದೀರಿ. ಗ್ಯಾಸ್ ಬಾಯ್ಲರಿಗೆ 25 ಕಿಲೋವಾಟ್ ಬಲವಿತ್ತು, ಅದು ಓಡಿ ಹಿಡಿಯುತ್ತಿತ್ತು. 8 ಕಿಲೋವಾಟಿನ ಯಂತ್ರಕ್ಕೆ ಅದು ಸಾಧ್ಯವಿಲ್ಲ.

ಈಗ ಮಾಡಬೇಕಾದ ಕೆಲಸವನ್ನು ಹೇಳುತ್ತೇನೆ. ಕಂಟ್ರೋಲರಿನಲ್ಲಿ "ವೆದರ್ ಕಾಂಪೆನ್ಸೇಶನ್" ಅಥವಾ "ಹೀಟಿಂಗ್ ಕರ್ವ್" ಎಂಬ ಭಾಗವನ್ನು ಹುಡುಕಿ. ಹೊರಗೆ ಚಳಿ ಹೆಚ್ಚಿದಂತೆ ನೀರನ್ನು ಹೆಚ್ಚು ಕಾಯಿಸುವುದು, ಚಳಿ ಇಳಿದಂತೆ ಕಡಿಮೆ ಮಾಡುವುದು ಇದರ ಕೆಲಸ. ಇದಕ್ಕೆ ಎರಡು ತುದಿಗಳಿರುತ್ತವೆ. ನಿಮ್ಮ ಮನೆಗೆ ಕೊಟ್ಟಿರುವ ವಿನ್ಯಾಸದ ಕಾಗದದಲ್ಲಿ ಅತಿ ಚಳಿಯ ದಿನಕ್ಕೆ ಎಷ್ಟು ಡಿಗ್ರಿಯ ನೀರು ಬೇಕೆಂದು ಬರೆದಿರುತ್ತಾರೆ; ಅದು 45 ಎಂದಿದ್ದರೆ, ಹೊರಗೆ ಮೈನಸ್ 3 ಇರುವಾಗ 45, ಹೊರಗೆ 15 ಇರುವಾಗ 28 ಎಂದು ಆರಂಭಿಸಿ. ಥರ್ಮೋಸ್ಟಾಟನ್ನು ನಿಮಗೆ ಬೇಕಾದುದಕ್ಕಿಂತ ಎರಡು ಡಿಗ್ರಿ ಮೇಲಿಟ್ಟು, ದಿನವಿಡೀ ನಡೆಯಲು ಬಿಡಿ. ಕೋಣೆಯ ತಾಪವನ್ನು ಇನ್ನು ಮುಂದೆ ಕರ್ವ್ ನಿರ್ಧರಿಸಲಿ, ಥರ್ಮೋಸ್ಟಾಟ್ ಕಾವಲಿಗಷ್ಟೇ ಇರಲಿ. ಎರಡು ದಿನ ಕಾದು, ಮನೆ ಬೇಕಾದುದಕ್ಕಿಂತ ಹೆಚ್ಚು ಬೆಚ್ಚಗಿದ್ದರೆ ಕರ್ವಿನಲ್ಲಿ ನೀರಿನ ತಾಪವನ್ನು ಒಂದು ಡಿಗ್ರಿ ಇಳಿಸಿ, ಮತ್ತೆ ಎರಡು ದಿನ ಕಾಯಿರಿ. ಗಂಟೆಗೊಮ್ಮೆ ಬದಲಿಸಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಇಟ್ಟಿಗೆಯ ಮನೆ ಉತ್ತರ ಕೊಡಲು ಒಂದು ದಿನವಾದರೂ ತೆಗೆದುಕೊಳ್ಳುತ್ತದೆ. ಕಡು ಚಳಿಯ ದಿನಗಳಲ್ಲಿ ಮಾತ್ರ ಮನೆ ತಣ್ಣಗಾದರೆ ಮೈನಸ್ 3ರ ತುದಿಯನ್ನು ಏರಿಸಬೇಕು. ಸಾಧಾರಣ ಚಳಿಯ ದಿನಗಳಲ್ಲಿ ತಣ್ಣಗಾದರೆ 15ರ ತುದಿಯನ್ನು ಏರಿಸಬೇಕು. ಇವೆರಡನ್ನೂ ಒಟ್ಟಿಗೆ ಮುಟ್ಟಬೇಡಿ.

ಮುಚ್ಚಿರುವ ವಾಲ್ವುಗಳನ್ನು ಇವತ್ತೇ ಪೂರ್ತಿ ತೆರೆಯಿರಿ. ರೇಡಿಯೇಟರುಗಳನ್ನು ಮುಚ್ಚಿದಷ್ಟೂ ಶಾಖ ಹೊರಹೋಗುವ ದಾರಿ ಕಡಿಮೆಯಾಗಿ, ತೆರೆದಿರುವವು ಅದೇ ಕೆಲಸವನ್ನು ಇನ್ನೂ ಬಿಸಿ ನೀರಿನಿಂದ ಮಾಡಬೇಕಾಗುತ್ತದೆ. ತಣ್ಣನೆಯ ಕೋಣೆಗಳು ಪಕ್ಕದ ಕೋಣೆಗಳ ಶಾಖವನ್ನೂ ಎಳೆದುಕೊಳ್ಳುತ್ತವೆ.

ಹಬೆಗೆ ಹೆದರಬೇಕಾಗಿಲ್ಲ. ಹೊರಗೆ 0ರಿಂದ 5 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ಹೆಚ್ಚಿರುವಾಗ ಯಂತ್ರದ ಹಿಂಬದಿಯ ಅಲ್ಯೂಮಿನಿಯಂ ಪದರಗಳ ಮೇಲೆ ಬಿಳಿ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಕೆಲವು ನಿಮಿಷ ಹಿಮ್ಮುಖವಾಗಿ ನಡೆಯುತ್ತದೆ, ಫ್ಯಾನ್ ನಿಲ್ಲುತ್ತದೆ, ನೀರು ಸುರಿದು ಹಬೆ ಏಳುತ್ತದೆ. ಪಕ್ಕದ ಮನೆಯವರಿಗೂ ಇದನ್ನು ತಿಳಿಸಿ.

ಉತ್ತರ 2 (ಗ್ಲ್ಯಾಸ್ಗೋದಿಂದ)

ಮೇಲಿನವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ರಾತ್ರಿಯೂ ಹಗಲಿನಷ್ಟೇ ಇರಬೇಕೆಂಬುದು ಎಲ್ಲ ಮನೆಗೂ ಹೊಂದುವುದಿಲ್ಲ. ನಮ್ಮ ಅತ್ತೆಯವರು ನಮ್ಮೊಡನೆ ಇದ್ದಾರೆ, ಅವರಿಗೆ 76 ವರ್ಷ. ಹಗಲು 21 ಡಿಗ್ರಿ ಅವರಿಗೆ ಹಿತವಾದರೂ, ರಾತ್ರಿ ಅಷ್ಟೇ ಇಟ್ಟರೆ ಗಂಟಲು ಒಣಗಿ ನಿದ್ದೆ ಬರುವುದಿಲ್ಲವೆನ್ನುತ್ತಿದ್ದರು. ಮೂರು ಚಳಿಗಾಲಗಳಿಂದ ನಾವು ರಾತ್ರಿ 10ರಿಂದ ಬೆಳಗಿನ 4ರವರೆಗೆ ಎರಡು ಡಿಗ್ರಿ ಮಾತ್ರ ಇಳಿಸುತ್ತೇವೆ. ಅಷ್ಟು ಇಳಿದರೆ ಬೆಳಿಗ್ಗೆ ಮೇಲೇರಲು ಯಂತ್ರಕ್ಕೆ ಕಷ್ಟವಾಗುವುದಿಲ್ಲ. ಐದಾರು ಡಿಗ್ರಿ ಇಳಿಸಿದ ವರ್ಷ ಉಳಿತಾಯವೂ ಆಗಲಿಲ್ಲ, ಅವರಿಗೆ ಕೆಮ್ಮೂ ಬಿಡಲಿಲ್ಲ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ, ವಯಸ್ಸಾದವರಿಗೆ ಅದಕ್ಕಿಂತ ಹೆಚ್ಚೇ ಬೇಕಾಗಬಹುದು. ನಿಮ್ಮ ತಾಯಿಯವರು ಮಲಗುವ ಕೋಣೆಯಲ್ಲಿ ಒಂದು ಸಣ್ಣ ಥರ್ಮಾಮೀಟರ್ ಇಟ್ಟು ಬೆಳಗಿನ ಜಾವದ ತಾಪವನ್ನು ಒಮ್ಮೆ ನೋಡಿ.

ಸ್ನಾನದ ನೀರಿನ ಸೆಟ್ಟಿಂಗ್ ಎಷ್ಟಿದೆಯೆಂದು ನೀವು ಬರೆದಿಲ್ಲ. ಆ ನೀರಿನ ತೊಟ್ಟಿ (ಸಿಲಿಂಡರ್) 60ಕ್ಕೆ ಇದ್ದರೆ 48 ಅಥವಾ 50ಕ್ಕೆ ಇಳಿಸಿ. 200 ಲೀಟರ್ ನೀರನ್ನು 15ರಿಂದ 50 ಡಿಗ್ರಿಗೆ ತರಲು ಸುಮಾರು 8 ಯೂನಿಟ್ ಶಾಖ ಬೇಕು. ಹೀಟ್ ಪಂಪ್ ಅದನ್ನು ಮೂರು ಯೂನಿಟ್ ಆಸುಪಾಸಿನ ವಿದ್ಯುತ್ತಿನಲ್ಲಿ ಮಾಡುತ್ತದೆ, ಇಮ್ಮರ್ಶನ್ ಹೀಟರ್ ಆದರೆ ಪೂರ್ತಿ 8 ಯೂನಿಟ್ ತಿನ್ನುತ್ತದೆ. ಹೊರಗಿನ ಗಾಳಿ ತುಸು ಬೆಚ್ಚಗಿರುವ ಮಧ್ಯಾಹ್ನದ ಒಂದು ಗಂಟೆಯ ನಂತರ ಕಾಯಿಸಿದರೆ ಇನ್ನೂ ಒಳ್ಳೆಯದು. ಆದರೆ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ವಾರಕ್ಕೊಮ್ಮೆ ನೀರನ್ನು 60 ಡಿಗ್ರಿಗೆ ಏರಿಸುವ ವ್ಯವಸ್ಥೆಯನ್ನು ಉಳಿತಾಯದ ಆಸೆಗೆ ನಿಲ್ಲಿಸಬೇಡಿ. ಮನೆಯಲ್ಲಿ ವಯಸ್ಸಾದವರು ಇರುವಾಗ ಅದು ಸಲ್ಲದು.

ಪ್ರಶ್ನೆ ಕೇಳಿದವರು (ಹತ್ತು ದಿನಗಳ ನಂತರ)

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ವಿನ್ಯಾಸದ ಕಾಗದದಲ್ಲಿ 45 ಎಂದೇ ಇದೆ. ಹಾಗಿದ್ದೂ 50ಕ್ಕೆ ಏಕೆ ಇಟ್ಟರೆಂಬುದು ನನಗೆ ಅರ್ಥವಾಗಿಲ್ಲ. ಕರ್ವ್ ಹಾಕಿ, ವಾಲ್ವುಗಳನ್ನು ತೆರೆದು, ರಾತ್ರಿ ಎರಡು ಡಿಗ್ರಿ ಮಾತ್ರ ಇಳಿಸುತ್ತಿದ್ದೇನೆ. ಬೆಳಿಗ್ಗೆ ಹಜಾರ 19ಕ್ಕಿಂತ ಕೆಳಗೆ ಇಳಿದಿಲ್ಲ.

ಎರಡು ವಿಷಯ ಬಾಕಿ ಇವೆ. ಹಜಾರ 21ಕ್ಕೆ ಬರುವಾಗ ತಾಯಿಯವರ ಕೋಣೆ 19ರಲ್ಲೇ ನಿಲ್ಲುತ್ತದೆ, ಮಹಡಿಯ ಸಣ್ಣ ಕೋಣೆ ಮಾತ್ರ 23 ದಾಟುತ್ತದೆ. ಹೊರಗೆ 10 ಡಿಗ್ರಿ ಇದ್ದ ದಿನ ಯಂತ್ರ ಹತ್ತು ನಿಮಿಷ ನಡೆದು, ಹತ್ತು ನಿಮಿಷ ನಿಂತು, ಮತ್ತೆ ನಡೆಯುತ್ತಿತ್ತು. ಇದರಿಂದ ಕಂಪ್ರೆಸರಿಗೆ ಹಾನಿಯಾಗುವುದಿಲ್ಲವೇ?

ಉತ್ತರ 1 ಬರೆದವರು

ಮಹಡಿಯ ಸಣ್ಣ ಕೋಣೆ ಹೆಚ್ಚು ಬಿಸಿಯಾದರೆ ಕರ್ವನ್ನು ಮುಟ್ಟಬಾರದು, ಆ ರೇಡಿಯೇಟರಿಗೆ ಹೋಗುವ ನೀರನ್ನು ಕಡಿಮೆ ಮಾಡಬೇಕು. ಅಂಕಿಗಳಿರುವ ವಾಲ್ವಿನ ಎದುರು ತುದಿಯಲ್ಲಿ ಪ್ಲಾಸ್ಟಿಕ್ ಟೋಪಿ ಹಾಕಿದ ಇನ್ನೊಂದು ವಾಲ್ವ್ ಇರುತ್ತದೆ, ಅದಕ್ಕೆ ಲಾಕ್‌ಶೀಲ್ಡ್ ಎನ್ನುತ್ತಾರೆ. ಟೋಪಿ ಕಿತ್ತು, ಸ್ಪ್ಯಾನರಿನಿಂದ ಅದನ್ನು ಕಾಲು ಸುತ್ತು ಮುಚ್ಚಿ ಒಂದು ದಿನ ನೋಡಿ; ಎಷ್ಟು ಸುತ್ತು ಮುಚ್ಚಿದ್ದೀರೆಂದು ಬರೆದಿಟ್ಟುಕೊಳ್ಳಿ. ಅಲ್ಲಿ ಉಳಿದ ನೀರು ತಾಯಿಯವರ ಕೋಣೆಯ ಕಡೆಗೆ ಹರಿಯುತ್ತದೆ. ಅಷ್ಟಾದರೂ ಆ ಕೋಣೆ ಮೇಲೇರದಿದ್ದರೆ ಅಲ್ಲಿನ ರೇಡಿಯೇಟರ್ ಚಿಕ್ಕದೆಂದೇ ಅರ್ಥ. ಆ ಒಂದನ್ನು ಬದಲಿಸುವುದು, ಅದೊಂದರ ಸಲುವಾಗಿ ಇಡೀ ಮನೆಯ ನೀರನ್ನು ಐದು ಡಿಗ್ರಿ ಹೆಚ್ಚು ಕಾಯಿಸುವುದಕ್ಕಿಂತ ಲೇಸು.

ನಡೆದು ನಿಲ್ಲುವ ವಿಷಯಕ್ಕೆ ಬಂದರೆ, ಯಾವ ಹೀಟ್ ಪಂಪೂ ತನ್ನ ಕನಿಷ್ಠ ಮಿತಿಗಿಂತ ಕೆಳಗೆ ನಡೆಯಲಾರದು. ಹೊರಗೆ 10 ಡಿಗ್ರಿ ಇರುವಾಗ ನಿಮ್ಮ ಮನೆಗೆ ಬೇಕಾಗುವ ಶಾಖ ಆ ಮಿತಿಗಿಂತ ಕಡಿಮೆಯಿದ್ದರೆ ಅದು ನಿಂತು ನಿಂತು ನಡೆಯಲೇಬೇಕು. ಗಂಟೆಗೆ ಎರಡು ಮೂರು ಸಲವಾದರೆ ಚಿಂತೆಯಿಲ್ಲ. ನಿಮ್ಮದು ಗಂಟೆಗೆ ಮೂರು ಸಲ, ಆ ಮಿತಿಯ ಅಂಚಿನಲ್ಲೇ ಇದೆ; ಆದರೆ ಒಮ್ಮೆಗೆ ಹತ್ತೇ ನಿಮಿಷ ನಡೆಯುವುದು ಕೊಂಚ ಕಡಿಮೆಯಾಯಿತು. ಮೊದಲು ಥರ್ಮೋಸ್ಟಾಟ್ ಅಡ್ಡ ಬಂದು ನಿಲ್ಲಿಸುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಸರ್ವಿಸಿಗೆ ಬರುವವರಿಗೆ ನೀರಿನ ಜಾಲರಿಯನ್ನು ತೆಗೆದು ತೊಳೆಯಲು ಹೇಳಿ. ಹಳೆಯ ಪೈಪುಗಳ ಕಪ್ಪು ಕೆಸರು ಮೊದಲ ವರ್ಷ ಅಲ್ಲಿ ಕಟ್ಟಿಕೊಂಡು ಹರಿವನ್ನು ತಡೆಯುತ್ತದೆ, ಹರಿವು ಕಡಿಮೆಯಾದರೆ ನೀರು ಬೇಗ ಬಿಸಿಯಾಗಿ ಯಂತ್ರ ಬೇಗ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು (ಒಂದು ತಿಂಗಳ ನಂತರ)

ಜಾಲರಿಯಲ್ಲಿ ಕೆಸರು ಇದ್ದದ್ದು ನಿಜ. ತೆಗೆದಾಗ ಒಲೆಯ ಮಸಿಯಂತೆ ಬೆರಳಿಗೆ ಅಂಟಿತು. ಅದನ್ನು ತೊಳೆದ ಮೇಲೆ ಯಂತ್ರ ಒಮ್ಮೆ ಶುರುವಾದರೆ ಅರ್ಧ ಗಂಟೆಯಾದರೂ ನಡೆಯುತ್ತದೆ. ಒಂದೊಂದೇ ಡಿಗ್ರಿ ಇಳಿಸುತ್ತಾ ಬಂದು ಈಗ ಮೈನಸ್ 3ಕ್ಕೆ 42, 15ಕ್ಕೆ 27 ಎಂಬಲ್ಲಿ ನಿಂತಿದ್ದೇನೆ. ಇನ್ನೂ ಒಂದು ಡಿಗ್ರಿ ಇಳಿಸಿದಾಗ ತಾಯಿಯವರು ಸಂಜೆ ಮತ್ತೆ ಶಾಲು ಹೊದ್ದದ್ದನ್ನು ಕಂಡು ಹಿಂದಕ್ಕೆ ಬಂದೆ. ಹೊರಗೆ 4 ಡಿಗ್ರಿ ಇರುವ ದಿನ ನೀರು 36 ಡಿಗ್ರಿಯಲ್ಲಿ ಹರಿಯುತ್ತಿದೆ. ಅಷ್ಟೇ ಚಳಿಯ ದಿನಗಳನ್ನು ಹೋಲಿಸಿ ನೋಡಿದರೆ ಸ್ನಾನದ ನೀರೂ ಸೇರಿ 40 ಯೂನಿಟ್ ಇದ್ದದ್ದು 30ಕ್ಕೆ ಇಳಿದಿದೆ. ರಾತ್ರಿ ಅಡುಗೆಮನೆಯ ರೇಡಿಯೇಟರ್ ಪಕ್ಕ ಇಟ್ಟ ಇಡ್ಲಿ ಹಿಟ್ಟು ಮೊದಲು ಎರಡು ದಿನವಾದರೂ ಉಬ್ಬುತ್ತಿರಲಿಲ್ಲ. ಮೊನ್ನೆ ಬೆಳಗಾಗುವಷ್ಟರಲ್ಲಿ ಮುಚ್ಚಳ ಎತ್ತಿ ನಿಂತಿತ್ತು, ತಾಯಿಯವರು ಅದನ್ನು ತೋರಿಸಲು ನನ್ನನ್ನು ಎಬ್ಬಿಸಿದರು.

ಉತ್ತರ 2 ಬರೆದವರು

ಬಹಳ ಸಂತೋಷವಾಯಿತು. ಕಂಟ್ರೋಲರಿನ ಪ್ರತಿಯೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಕಳೆದ ವರ್ಷ ನಮ್ಮಲ್ಲಿ ಸರ್ವಿಸ್ ಮಾಡಿದವರು ಯಂತ್ರವನ್ನು ರೀಸೆಟ್ ಮಾಡಿ ಹೋದಾಗ ಕರ್ವ್ ಅಳಿಸಿಹೋಗಿತ್ತು, ಮೂರು ವಾರಗಳ ನಂತರ ಬಿಲ್ ನೋಡಿದಾಗಲೇ ನಮಗೆ ತಿಳಿದದ್ದು.