ಮಂದ್ರವೂ ಇದೆ, ತಾರವೂ ಇದೆ: ಆಡಿಷನ್‌ನಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ
ಅಮೆರಿಕದ ಕಾಲೇಜುಗಳಲ್ಲಿ ಮ್ಯೂಸಿಕಲ್ ಥಿಯೇಟರ್ (ಹಾಡು, ನಟನೆ ಕೂಡಿದ ರಂಗಭೂಮಿ) ಬಿಎಫ್‌ಎ ಪದವಿಗೆ ಅರ್ಜಿ ಹಾಕುತ್ತಿದ್ದೇನೆ. ಹೆಣ್ಣು ಧ್ವನಿ. ಕೆಳಗೆ ಡಿ3 (ಪಾಶ್ಚಾತ್ಯ ಸ್ವರದ ಹೆಸರು; ಅಂಕಿ ಹೆಚ್ಚಾದಷ್ಟು ಮೇಲಿನ ಸ್ಥಾಯಿ) ಗಟ್ಟಿಯಾಗಿ ನಿಲ್ಲುತ್ತೆ, ಹೆಡ್ ವಾಯ್ಸ್ (ಮೇಲಿನ ಹಗುರ ದನಿ) ಸಿ6 ಮುಟ್ಟುತ್ತೆ, ಬೆಲ್ಟ್ (ಗಟ್ಟಿ ದನಿಯಲ್ಲಿ ಎತ್ತಿ ಹಾಡೋದು) ಮಾತ್ರ ಬಿ4 ದಾಟಲ್ಲ. ಪ್ರೀಸ್ಕ್ರೀನ್ ವಿಡಿಯೋದ (ನೇರ ಆಡಿಷನ್‌ಗೆ ಮುಂಚೆ ಕಳಿಸೋದು) ಎರಡು ಹಾಡಿನ ತುಣುಕಲ್ಲಿ ಇಷ್ಟು ಹರವು ತೋರಿಸೋದು ಹೇಗೆ?

ಉತ್ತರ 1
ಪೂರ್ತಿ ತೋರಿಸಲು ಹೋಗಬೇಡಿ. ಆಯ್ಕೆ ಮಾಡುವ ಪ್ಯಾನೆಲ್‌ಗೆ ಬೇಕಿರುವುದು ನೆಚ್ಚಬಹುದಾದ ಧ್ವನಿ. ದಣಿದ ದಿನವೂ ಕೈಕೊಡದ ಸ್ವರಗಳನ್ನಷ್ಟೇ ಇಟ್ಟುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಇ3ಯಿಂದ ಎ5, ಬೆಲ್ಟ್ ಎ4.

ಬಹಳ ಕಡೆ ತುಣುಕಿಗೆ 60–90 ಸೆಕೆಂಡ್. ಒಂದು 1970ಕ್ಕಿಂತ ಹಿಂದಿನದು, ಇನ್ನೊಂದು ನಂತರದ್ದು. ಹಳೆಯದರಲ್ಲಿ ಹೆಡ್ ವಾಯ್ಸ್ ಕೇಳಿಸಲಿ. ಹೊಸದು ಮಂದ್ರದಲ್ಲಿ, ಮಾತಿನ ಹಾಗೆ ಶುರುವಾಗಿ ಬೆಲ್ಟ್‌ಗೆ ಏರಲಿ. ಪಾತ್ರ ಗುಟ್ಟು ಹೇಳುವಾಗ ದನಿ ಕೆಳಗಿಳಿದರೆ ಅದು ನಟನೆ. ಕಾರಣವಿಲ್ಲದೆ ಇಳಿದರೆ ಬರೀ ಕಸರತ್ತು, ಪ್ಯಾನೆಲ್‌ಗೆ ತಕ್ಷಣ ಗೊತ್ತಾಗುತ್ತೆ. ಇಲ್ಲೇ ಹೆಚ್ಚಿನವರು ಎಡವುವುದು.

ಉತ್ತರ 2
ರೆಕಾರ್ಡಿಂಗ್ ಬಗ್ಗೆ ಎಚ್ಚರ. ಫೋನ್ ತಾನಾಗಿಯೇ ಧ್ವನಿಮಟ್ಟ ಸರಿಪಡಿಸುತ್ತೆ: ಮೆಲ್ಲನೆಯ ಮಂದ್ರವನ್ನು ಕೋಣೆಯ ಸದ್ದಿನ ಸಮೇತ ಮೇಲೆತ್ತಿ, ಬೆಲ್ಟ್ ಬಂದೊಡನೆ ಅದುಮಿಬಿಡುತ್ತೆ. ಎರಡೂ ಒಂದೇ ಜೋರಿನಲ್ಲಿ ಕೇಳಿಸಿದರೆ ನಿಮ್ಮ ಹರವಿನ ಸೊಗಸೇ ಹೋಯಿತು. ಬೇರೆ ಮೈಕ್ ಇದ್ದರೆ ಮಟ್ಟವನ್ನು ಕೈಯಿಂದಲೇ ಇಡಿ, ಅತಿ ಜೋರಾದ ಸಾಲು ಹಾಡಿ ನೋಡಿ. ಪಿಯಾನೊ ಟ್ರ್ಯಾಕ್‌ನ ಸ್ಪೀಕರ್ ಮೈಕ್‌ನಿಂದ ದೂರವಿರಲಿ. ಇಲ್ಲವಾದರೆ ಇ3 ಸುತ್ತಲಿನ ಸ್ವರಗಳನ್ನು ಪಿಯಾನೊದ ಎಡಗೈಯ ಕೆಳಸ್ವರಗಳು ನುಂಗಿಹಾಕುತ್ತವೆ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ಹಾಡಿನ ಶ್ರುತಿ ಇಳಿಸಬಹುದಾ? ಸಿ6 ಹಾಗಾದರೆ ಕೇಳಿಸೋದೇ ಬೇಡವಾ?

ಉತ್ತರ 1
ಆಯಾ ಕಾಲೇಜಿನ ನಿಯಮ ಮೊದಲು ಓದಿ. ಇಳಿಸುವುದಾದರೆ ನೇರ ಆಡಿಷನ್‌ಗೆ ಹೊಸ ಶ್ರುತಿಯಲ್ಲೇ ಮುದ್ರಿಸಿದ ಸ್ವರಲಿಪಿ ಒಯ್ಯಿರಿ. ಪಿಯಾನೊ ನುಡಿಸುವವರಿಗೆ ಅಲ್ಲೇ ಬದಲಾಯಿಸಿ ಎನ್ನಬಾರದು. ತುಣುಕಿನ ಶುರು, ಕೊನೆ ದಪ್ಪಗೆ ಗುರುತು ಹಾಕಿ. ಲಯ ತಿಳಿಸಲು ಚಿಟಿಕೆ ಬೇಡ, ಮೊದಲ ಸಾಲು ಮೆಲ್ಲಗೆ ಗುನುಗಿದರೆ ಸಾಕು.

ಸಿ6ಗಾಗಿ ಬೈಂಡರ್‌ನಲ್ಲಿ (ಸ್ವರಲಿಪಿಗಳ ಫೈಲು) ಮೂರನೇ ಹಾಡೊಂದಿರಲಿ. ನೇರ ಆಡಿಷನ್‌ನಲ್ಲಿ ‘ಬೇರೇನಿದೆ?’ ಎಂದು ಕೇಳುವುದುಂಟು, ಕೆಲವೊಮ್ಮೆ ಸ್ವರ ಏರಿಸುತ್ತಾ ಹೋಗಿ ಪರೀಕ್ಷಿಸುವುದೂ ಉಂಟು. ಆಗ ಹಾಡಿ.