ಹಳೇ ವಿಮಾನದ ರೇಡಿಯೊ, ಜಿಪಿಎಸ್, ಗೈರೊ: ಮೊದಲು ಯಾವುದಕ್ಕೆ ಕೈ ಹಾಕೋದು?

ನಾವು ಮೂವರು ಸೇರಿ ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಹಳೇ ವಿಮಾನ ಕೊಂಡಿದ್ದೇವೆ. ಎಂಜಿನ್ ಚೆನ್ನಾಗಿದೆ, ಪ್ಯಾನೆಲ್ ಮಾತ್ರ ತಾತನ ಕಾಲದ್ದು. ಒಂದೇ ಮಾದರಿಯ ಎರಡು ರೇಡಿಯೊ ಇವೆ, ಒಂದನೆಯದು ಆಗಾಗ ಕೈಕೊಡುತ್ತದೆ. ಹೆಡ್‌ಸೆಟ್‌ನಲ್ಲಿ ಕುಯ್ಯ್ ಅನ್ನೋ ಸದ್ದು. ಜಿಪಿಎಸ್ ಡೇಟಾಬೇಸ್ ಯಾವ ಕಾಲದ್ದೋ ಏನೋ. ವಿಮಾನ ಎತ್ತ ವಾಲಿದೆ, ಎತ್ತ ತಿರುಗಿದೆ ಅಂತ ತೋರಿಸೋ ಗೈರೊಗಳು ಇನ್ನೂ ಗಾಳಿ ಎಳೆಯೋ ವ್ಯಾಕ್ಯೂಮ್ ಪಂಪಿನಲ್ಲೇ ಓಡುತ್ತವೆ. ಎಲ್ಲಾ ಕಿತ್ತು ದೊಡ್ಡ ಸ್ಕ್ರೀನ್ ಹಾಕಿಸೋಣ ಅಂತ ಒಬ್ಬ ಪಾಲುದಾರನ ಹಠ. ದುಡ್ಡು ಒಂದು ಕೆಲಸಕ್ಕೆ ಸಾಕಾಗುವಷ್ಟಿದೆ. ಅನುಭವ ಇದ್ದವರು ಹೇಳಿ.

*

ಸ್ಕ್ರೀನಿನ ಮಾತು ಆಮೇಲೆ. ಮೊದಲು ವೈರು ನೋಡಿಸಿ.

ನಾನೂ ಹೀಗೇ ರೇಡಿಯೊ ಕೆಟ್ಟಿದೆ ಅಂದುಕೊಂಡು ಹೊಸದರ ವಿಚಾರಣೆಗೆ ಇಳಿದಿದ್ದೆ. ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಟೆಕ್ನೀಷಿಯನ್ ಬಂದವರು ಜೇಬಿನಿಂದ ಅಲೆನ್ ಕೀ ತೆಗೆದರು. ರೇಡಿಯೊ ಮುಂಭಾಗದ ಸಣ್ಣ ತೂತಿಗೆ ಹಾಕಿ ತಿರುಗಿಸಿದರು, ಡಬ್ಬ ಟ್ರೇಯಿಂದ ಈಚೆ ಬಂತು. ಹಿಂದಿನ ಪಿನ್ನುಗಳ ಮೇಲೆ ಕಂದು ಪದರ. ಅದನ್ನು ಒರೆಸಿ, ಡಬ್ಬ ಪೂರ್ತಿ ಕೂರುವಂತೆ ಒಳಗೆ ತಳ್ಳಿ ಸ್ಕ್ರೂ ಬಿಗಿದರು. ಅಷ್ಟೇ ಕೆಲಸ. ನಾನು ಮುಖ ಎಲ್ಲಿಡಲಿ?

ನಿಮ್ಮ ಎರಡೂ ರೇಡಿಯೊ ಒಂದೇ ಮಾದರಿ ಅಲ್ವಾ? ಅದಲು ಬದಲು ಮಾಡಿಸಿ. ತೊಂದರೆ ಡಬ್ಬದ ಜೊತೆ ಹೋದರೆ ಡಬ್ಬದ್ದೇ ದೋಷ. ಅದೇ ಟ್ರೇಯಲ್ಲಿ ಉಳಿದರೆ ವೈರು, ಕನೆಕ್ಟರ್ ಅಥವಾ ಆಂಟೆನಾ. ಆಂಟೆನಾ ಬುಡಕ್ಕೆ ನೀರಿಳಿದು ತುಕ್ಕು ಹಿಡಿದರೆ ಗ್ರೌಂಡ್ ಸರಿಯಾಗಿ ಸಿಗುವುದಿಲ್ಲ. ಅದನ್ನು ಬಿಚ್ಚದೆ ಕಾಣೋದೂ ಇಲ್ಲ.

ಕುಯ್ಯ್ ಸದ್ದು ಎಂಜಿನ್ ವೇಗದ ಜೊತೆ ಏರಿ ಇಳಿಯುತ್ತದಾ ಕೇಳಿ ನೋಡಿ. ಹಾಗಿದ್ದರೆ ನೆಲದ ಮೇಲೆ ನಿಂತಿರುವಾಗ ಆಲ್ಟರ್ನೇಟರ್ ಸ್ವಿಚ್ ಆಫ್ ಮಾಡಿ. ಸದ್ದು ನಿಂತಿತು ಅಂದರೆ ಕಳ್ಳ ಸಿಕ್ಕ ಹಾಗೆ. ಆಲ್ಟರ್ನೇಟರ್ ಡಯೋಡ್, ಫಿಲ್ಟರ್, ಗ್ರೌಂಡ್ ವೈರು, ಈ ಕಡೆ ಹುಡುಕಿ. ಹೆಡ್‌ಸೆಟ್ ಜ್ಯಾಕ್ ಪ್ಯಾನೆಲ್ಲಿನ ಲೋಹಕ್ಕೆ ತಾಗದಂತೆ ಒಂದು ವಾಷರ್ ಇರುತ್ತದೆ. ಅದು ಮುರಿದಿದ್ದರೂ ಇದೇ ಕಾಟ.

*

ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕಿದ ಫೋನ್ ಚಾರ್ಜರ್ ಕೂಡ ಒಮ್ಮೆ ಕಿತ್ತು ನೋಡಿ. ನಮ್ಮ ಜಿಪಿಎಸ್ ಸಿಗ್ನಲ್ ಕಳೆದುಕೊಳ್ಳುತ್ತಿದ್ದದ್ದು ಅದರಿಂದ. ಎರಡು ತಿಂಗಳು ಸುಮ್ನೆ ಆಂಟೆನಾವನ್ನು ಬೈದೆವು.

ಇನ್ನೊಂದು ಮಜಾ ಇದೆ. ಜಿಪಿಎಸ್ ಕೇಳೋದು 1575.42 ಮೆಗಾಹರ್ಟ್ಸ್‌ನಲ್ಲಿ. ಅದನ್ನು 13ರಿಂದ ಭಾಗಿಸಿದರೆ 121.18ರ ಆಸುಪಾಸು ಬರುತ್ತದೆ. ಅಂದರೆ ಅಲ್ಲಿ ಮಾತಾಡಿದರೆ ರೇಡಿಯೊ ಅಲೆಯ 13 ಪಟ್ಟಿನ ಪಡಿನೆರಳು ಜಿಪಿಎಸ್ ಮೇಲೆ ಬೀಳಬಹುದು. ಅದಕ್ಕೇ ಜಿಪಿಎಸ್ ಕೂರಿಸಿದ ಮೇಲೆ 121.175ರಂಥ ಚಾನೆಲ್‌ನಲ್ಲಿ ರೇಡಿಯೊದ ಮಾತಿನ ಗುಂಡಿ ಒತ್ತಿ ಹಿಡಿದು, ಸಿಗ್ನಲ್ ಬೀಳುತ್ತದಾ ಅಂತ ಪರೀಕ್ಷಿಸುತ್ತಾರೆ. ನಿಮ್ಮ ಕೆಲಸ ಮಾಡಿದವರು ಇದನ್ನು ಮಾಡಿದ್ದಾರಾ ಕೇಳಿ.

*

ವೈರಿನ ಮಾತು ಒಪ್ಪಿದೆ. ಆದರೆ ದುಡ್ಡು ಒಂದೇ ಕೆಲಸಕ್ಕೆ ಅಂದರೆ ನನ್ನ ಮತ ವ್ಯಾಕ್ಯೂಮ್ ಪಂಪಿನ ಗೈರೊ ಬದಲಿಸೋದಕ್ಕೆ. ಡ್ರೈ ಪಂಪಿನೊಳಗೆ ಇಂಗಾಲದ ತೆಳು ರೆಕ್ಕೆಗಳಿರುತ್ತವೆ. ಸವೆದು ಸವೆದು ಒಂದು ದಿನ ಪಟ್ ಅಂತ ಮುರಿಯುತ್ತವೆ. ಮುನ್ಸೂಚನೆ ಅಂತ ಏನೂ ಇರೋದಿಲ್ಲ.

ನನಗದು ಆಗಿದ್ದು ಬಿಸಿಲಿನ ದಿನ, ಪುಣ್ಯಕ್ಕೆ. ಪಂಪಿನ ಎಳೆತ ತೋರಿಸೋ ಸಕ್ಷನ್ ಗೇಜಿನ ಮುಳ್ಳು ಸೊನ್ನೆಗೆ ಬಿದ್ದಿತ್ತು, ನಾನು ನೋಡಿರಲಿಲ್ಲ. ಗೈರೊ ತಕ್ಷಣ ನಿಲ್ಲೋದಿಲ್ಲವಲ್ಲ, ನಿಧಾನ ಆಗುತ್ತಾ ಹೋಗುತ್ತದೆ. ಪ್ಯಾನೆಲ್ಲಿನ ಗೈರೊ ದಿಗಂತ ಸ್ವಲ್ಪ ಹೊತ್ತು ನೆಟ್ಟಗೇ ಇತ್ತು. ಆಮೇಲೆ ವಿಮಾನ ಎಡಕ್ಕೆ ಒಂಚೂರು ವಾಲಿದೆ ಅಂತ ತೋರಿಸಿತು. ನಾನು ಕೈಯನ್ನು ಬಲಕ್ಕೆ ತಿರುಗಿಸಿಯೇ ಬಿಟ್ಟೆ! ಕಿಟಕಿಯಾಚೆ ನೋಡಿದಾಗ ಗೊತ್ತಾಯಿತು, ವಿಮಾನ ನಿಜವಾಗಿ ವಾಲಿದ್ದು ನಾನು ತಿರುಗಿಸಿದ ಮೇಲೆ. ಮೋಡದೊಳಗೆ ಇದ್ದಿದ್ದರೆ?

ಈಗ ಗೈರೊ ಬದಲಿಗೆ ಸ್ವಂತ ಬ್ಯಾಟರಿ ಇರುವ ಎಲೆಕ್ಟ್ರಾನಿಕ್ ಉಪಕರಣಗಳು ಪ್ಯಾನೆಲ್ಲಿನ ಹಳೇ ತೂತಿನಲ್ಲೇ ಕೂರುತ್ತವೆ. ಆದರೆ ನಿಮ್ಮ ವಿಮಾನದ ಮಾದರಿಗೆ ಅನುಮೋದನೆ ಇದೆಯಾ ಅಂತ ಮೊದಲು ನೋಡಿ. ತೂಕದ ಲೆಕ್ಕ ಹೊಸದಾಗಿ ಬರೆಸಬೇಕು, ಲಾಗ್‌ಬುಕ್‌ಗೆ ಲೈಸೆನ್ಸ್ ಇದ್ದವರ ಸಹಿ ಬೀಳಬೇಕು. ದಿಕ್ಕು ಹಿಡಿಯುವ ಮ್ಯಾಗ್ನೆಟೋಮೀಟರ್ ಎಲ್ಲಿ ಕೂರುತ್ತದೆ ಅನ್ನೋದನ್ನೂ ವಿಚಾರಿಸಿ. ನಮ್ಮದು ರೆಕ್ಕೆಯಲ್ಲಿ ದೀಪದ ವೈರಿನ ಪಕ್ಕ ಕೂತಿತ್ತು. ದೀಪ ಹಾಕಿದರೆ ಸಾಕು, ದಿಕ್ಕು ಓಡುತ್ತಿತ್ತು. ಪ್ಯಾನೆಲ್ ಬಿಚ್ಚಿದ ಮೇಲೆ ಕಂಪಾಸನ್ನೂ ಮತ್ತೆ ಹೊಂದಿಸಬೇಕು. ಅದರ ಹತ್ತಿರ ಕಬ್ಬಿಣದ ಸ್ಕ್ರೂ ಬೇಡ, ಹಿತ್ತಾಳೆಯದು ಹಾಕಿಸಿ.

*

ಜಿಪಿಎಸ್ ಡೇಟಾಬೇಸ್ ಹೊಸದು ಬರೋ ಚಕ್ರ 28 ದಿನದ್ದು. ಕಣ್ಣಲ್ಲಿ ನೋಡಿಕೊಂಡು ಹಾರೋರು ಒಂದು ಸಲ ತಪ್ಪಿಸಿದರೆ ಆಕಾಶ ಬೀಳೋದಿಲ್ಲ, ಆದರೆ ವರ್ಷಗಟ್ಟಲೆ ಹಳೆಯದನ್ನು ನಂಬಬೇಡಿ. ಟ್ಯಾಬ್ಲೆಟ್ ಜೊತೆಗಿರಲಿ, ಬಿಸಿಲಿಗೆ ಮಾತ್ರ ಇಡಬೇಡಿ. ಐಪ್ಯಾಡಿಗೆ ಹೇಳಿರೋ ಮಿತಿಯೇ 35 ಡಿಗ್ರಿ, ಅದಕ್ಕಿಂತ ಕಾದರೆ ಇಳಿಯೋ ಹೊತ್ತಿಗೆ ಸರಿಯಾಗಿ ಕಪ್ಪಾಗುತ್ತದೆ. ಇಎಲ್‌ಟಿ, ಅಂದರೆ ವಿಮಾನ ಬಿದ್ದರೆ ಸಹಾಯಕ್ಕೆ ಕೂಗೋ ಟ್ರಾನ್ಸ್‌ಮಿಟರ್, 121.5 ಮೆಗಾಹರ್ಟ್ಸ್‌ನ ಹಳೇ ಬಗೆಯದಾದರೆ ಬದಲಿಸಿ, ಉಪಗ್ರಹಗಳು ಅದನ್ನು ಕೇಳೋದು ನಿಲ್ಲಿಸಿದ್ದು 2009ರಲ್ಲಿ. ಈಗಿನವು 406ರವು.

ವೇಗ ಅಳೆಯಲು ಗಾಳಿ ಹಿಡಿಯೋ ಪಿಟಾಟ್ ಟ್ಯೂಬಿಗೆ ವಿಮಾನ ನಿಂತಾಗ ಕವರ್ ಹಾಕಿ. ಕುಂಬಾರ ಹುಳಕ್ಕೆ ಮನೆ ಕಟ್ಟಲು ಒಂದು ಮಧ್ಯಾಹ್ನ ಸಾಕು.

*

ಕೇಳಿದವನೇ ಬರೆಯುತ್ತಿದ್ದೇನೆ. ರೇಡಿಯೊಗಳನ್ನು ಅದಲು ಬದಲು ಮಾಡಿಸಿದೆವು. ತೊಂದರೆ ಒಂದನೇ ಟ್ರೇಯಲ್ಲೇ ಉಳಿಯಿತು. ಟ್ರೇ ಹಿಂದಿನ ಆಂಟೆನಾ ಕೇಬಲ್ಲಿನ ಬೆಸುಗೆ ಬಿಟ್ಟಿತ್ತು. ಹೊಸದಾಗಿ ಹಾಕಿಸಿದ ಮೇಲೆ ಎರಡು ಸಲ ಹಾರಿದ್ದೇವೆ, ಮಾತು ಸ್ವಚ್ಛ. ಕುಯ್ಯ್ ಸದ್ದು ಹಾಗೇ ಇದೆ, ಆಲ್ಟರ್ನೇಟರ್ ಆಫ್ ಮಾಡಿದರೂ ನಿಲ್ಲುತ್ತಿಲ್ಲ. ಈಗ ಜ್ಯಾಕ್ ಬಿಚ್ಚಿ ನೋಡಬೇಕು.